ಕೀಲಿ ಹಾಕಿದವರು ಒಬ್ರು, ಕೀಲಿಕೈ ಇನ್ನೊಬ್ರ ಕೈಯಾಗ

(ಬೆಳಗಾವಿಯಾಗ ಒಂದು ಸಂಜಿ ಮಾಡಿದ ಉಪನ್ಯಾಸ. ಬರಹದಾಗ ಕೊಡ್ರಿ ಅಂತ ಬಾಳ ಮಂದಿ ಕೇಳಿದ್ರು, ಮಾತಾಡಿದ ಹಂಗನ ಇಟ್ಟೀನಿ, ಕಡೀಕ ನಡೆದ ಪ್ರಶ್ನೋತ್ತರಾನೂ ಸೇರ್ಸೀನಿ.)

ಎಲ್ಲಾರಿಗೂ ಶರಣ್ರಿ. ಬೆಳಗಾವಿ ಮಳಿ ಒಮ್ಮೆ ಹಿಡಿದ್ರ ಬಿಡೂದಿಲ್ಲ ಅನ್ನೂದು ನಿಮಗೂ ಗೊತ್ತು ನನಗೂ ಗೊತ್ತು, ಅಂಥಾದ್ರಾಗ ಛತ್ರಿ ಹಿಡಕೊಂಡು ಇಷ್ಟು ಮಂದಿ ಬಂದೀರಿ, ಕಾಂಪಿಟೇಟಿವ್ ಎಕ್ಸಾಮ್ ತಯಾರಿ ಮಾಡೂ ಹುಡುಗ್ರು ಹುಡುಗ್ಯಾರು ಹಿಂದ ನಿಂತಾರ, ಮುಂದಿನ ಸಾಲಿನಾಗ ಮಿಲಿಟರಿಯಿಂದ ರಿಟೈರ್ ಆದ ಹಿರಿಯರೂ ಅದಾರ ಅಂತ ಈಗಷ್ಟ ಹೇಳಿದ್ರು. ಅವರು ಅದಾರ ಅಂತ ಗೊತ್ತಾದ ಮ್ಯಾಲ ನಾನು ಇನ್ನೂ ಹುಷಾರಾಗಿ ಮಾತಾಡಬೇಕಾಗೈತಿ, ಯಾಕಂದ್ರ ಇವತ್ತಿನ ವಿಷಯ ನಮ್ಮಂಥೋರಿಗೆ ಪುಸ್ತಕದ ವಿಷಯ, ಅವರಿಗೆ ಮೈಮ್ಯಾಲ ಬಂದ ವಿಷಯ.

ವಿಷಯ ಏನಪಾ ಅಂದ್ರ, ಒಂದು ದೇಶದಾಗ ಒಂದು ಗುಂಪು ನಮಗ ಬ್ಯಾರೆ ನಾಡು ಬೇಕು ಅಂತ ಬಂದೂಕು ಹಿಡೀತೈತಿ. ಆ ದೇಶ, ಆಮ್ಯಾಲ ಬ್ಯಾರೆ ದೇಶಗೋಳು, ಅದಕ್ಕ ಭಯೋತ್ಪಾದಕ ಸಂಘಟನೆ ಅಂತ ಹೆಸರಿಟ್ಟು ಪಟ್ಟಿಗೆ ಸೇರಿಸ್ತಾವು. ಹಂಗ ಸೇರಿಸಿದ ಮ್ಯಾಲ ದೇಶ ದೇಶದ ನಡುವಿನ ಸಂಬಂಧದಾಗ, ಮಾತುಕತಿಯಾಗ ಏನಾಗ್ತೈತಿ ಅನ್ನೂದು. ಪೊಲೀಸರ ಕೆಲಸದ ಬಗ್ಗೆ ಅಲ್ಲ, ಕೋರ್ಟಿನ ಬಗ್ಗೆನೂ ಅಲ್ಲ, ರಾಜತಾಂತ್ರಿಕದ ಬಗ್ಗೆ.

ಮೊದಲ ನಮ್ಮೂರಿನ ಒಂದು ಮಾತು ಹೇಳ್ತೀನಿ. ಗೋಕಾಕ ತಾಲೂಕಿನಾಗ ಘಟಪ್ರಭಾ ಕಾಲುವಿ ಬಾಜು ನಮ್ಮೂರು. ನಮ್ಮಪ್ಪ ಊರಾಗ ಪಂಚರ ಪೈಕಿ ಒಬ್ರು, ಅಧಿಕಾರ ಏನೂ ಇರಲಿಲ್ಲ, ಆದ್ರ ಎರಡೂ ಕಡಿ ಮನಿಯಾಗ ಚಾ ಕುಡಿಯುವಂಥಾ ಮನಷ್ಯಾ. ಎರಡು ಮನಿತನದ ನಡುವ ನೀರಿನ ಪಾಳಿ ಜಗಳ, ರಾತ್ರಿ ಪಾಳಿ ಯಾರ್ದು, ತೂಬು ಯಾರು ಎತ್ತಬೇಕು ಅಂತ, ವರ್ಷಾನುಗಟ್ಟಲೆ ನಡದಿತ್ತು. ಅಪ್ಪ ಸಂಜಿ ಮುಂದ ಟಾವೆಲ್ ಹೆಗಲ ಮ್ಯಾಲ ಹಾಕ್ಕೊಂಡು ಈ ಮನಿಗೆ ಹೋಗಿ ಕುಂಡ್ರೂದು, ಆ ಮನಿಗೆ ಹೋಗಿ ಕುಂಡ್ರೂದು, ಹಿಂಗ ಕಬ್ಬು ಒಣಗದಂಗ ನೋಡ್ಕೊಂಡು ಬಂದಿದ್ರು. ಒಂದು ವರ್ಷ ಊರಾಗ ಪಂಪ್‌ಸೆಟ್ಟಿನ ಮೋಟಾರ್ ಕಳುವಾತು. ಆ ಎರಡು ಮನ್ಯಾಗಿನ ಒಂದು ಮನಿ ಹುಡುಗನ ಕೈ ಅದರಾಗ ಇತ್ತು, ಅದು ಸುಳ್ಳಲ್ಲ. ಆದ್ರ ಊರು ಏನ್ ಮಾಡ್ತು, ಆ ಇಡೀ ಮನಿಗೆ ಕಳ್ಳರ ಮನಿ ಅಂತ ಹೆಸರಿಟ್ಟುಬಿಡ್ತು. ಅವತ್ತಿಂದ ಆ ಮನಿಯಾಗ ಚಾ ಕುಡದವನೂ ಕಳ್ಳರ ಕಡಿಯವನ. ಅಪ್ಪ ಹೋಗೂದು ನಿಂತಿತು. ಹೋಗಬ್ಯಾಡ ಅಂತ ಯಾರೂ ಹೇಳಲಿಲ್ಲ, ಆದ್ರ ಅಗಸಿ ಕಟ್ಟಿ ಮ್ಯಾಲ ಕುಂತವರು ನೋಡೂ ನೋಟ ಸಾಕಾಗಿತ್ತು. ಮುಂದಿನ ಬ್ಯಾಸಗಿಗೆ ತೂಬಿನ ಹತ್ರ ಹೊಡೆದಾಟಾತು, ಕೇಸು ಗೋಕಾಕ ಕೋರ್ಟಿಗೆ ಹೋತು, ಎರಡೂ ಮನಿ ಕಬ್ಬು ಒಣಗಿತು.

ಕಳುವು ಮಾಡಿದವನಿಗೆ ಶಿಕ್ಷೆ ಆಗಬೇಕಿತ್ತು, ಆತು ಕೂಡ. ನಾನು ನೋಡಿದ್ದು ಏನಂದ್ರ, ಹೆಸರಿನ ಪೆಟ್ಟು ಮೊದಲ ಬಿದ್ದಿದ್ದು ಆ ಹುಡುಗಗ ಅಲ್ಲ, ನಡುವ ಓಡಾಡೂ ಮನಷ್ಯಾಗ. ದೊಡ್ಡ ದೊಡ್ಡ ದೇಶದ ಕತಿಯಾಗೂ ನನಗ ಮತ್ತ ಮತ್ತ ಇದ ಕಾಣ್ತೈತಿ.

ಇಲ್ಲೇ ಒಂದು ಪ್ರಶ್ನೆ ಮುಗಿಸಿ ಮುಂದ ಹೋಗ್ತೀನಿ. ಈ ಜಿಲ್ಲೆಯಾಗ ಈ ವಿಷಯ ಎತ್ತಿದ್ರ ಯಾರರೆ ಒಬ್ರು ಕೇಳೇ ಕೇಳ್ತಾರ, ಸಂಗೊಳ್ಳಿ ರಾಯಣ್ಣನ್ನ ಬ್ರಿಟಿಷರು 1831ರಾಗ ನಂದಗಡದಾಗ ನೇಣಿಗೆ ಹಾಕಿದ್ರಲ್ಲ, ಅವರ ಕಾಗದದಾಗ ಅಂವ ಏನಾಗಿದ್ದ ಅಂತ. ರಾಯಣ್ಣನ ಮ್ಯಾಲಿನ ಅಭಿಮಾನ ನನಗೂ ಐತಿ. ಆದ್ರ ಆ ಪ್ರಶ್ನೆ ಯಾರು ಸರಿ ಯಾರು ತಪ್ಪು ಅನ್ನೂದ್ರ ಬಗ್ಗೆ. ಇವತ್ತಿನ ನನ್ನ ಪ್ರಶ್ನೆ ಬ್ಯಾರೆ. ಒಂದು ಗುಂಪು ನಿಜವಾಗ್ಲೂ ಘೋರ ಕೃತ್ಯ ಮಾಡೈತಿ ಅಂತಾನ ಇಟ್ಕೊಳ್ರಿ, ಆ ಹೆಸರು ಅದಕ್ಕ ಒಪ್ಪೂದ ಅಂತಾನ ಇಟ್ಕೊಳ್ರಿ, ಆವಾಗ್ಲೂ ಆ ಹೆಸರಿಂದ ಬೀಳೂ ಪರಿಣಾಮ ಏನು?

ಅದಕ್ಕ ನಾನು ಶ್ರೀಲಂಕಾದ ಎಲ್‌ಟಿಟಿಇ, ಅಂದ್ರ ತಮಿಳರಿಗೆ ಬ್ಯಾರೆ ನಾಡು ಬೇಕು ಅಂತ ಬಂದೂಕು ಹಿಡಿದ ಗುಂಪಿನ ಉದಾಹರಣೆ ತಗೋತೀನಿ, ಯಾಕಂದ್ರ ಅಲ್ಲಿ ಆ ಹೆಸರು ಒಪ್ಪೂದಿಲ್ಲ ಅಂತ ಹೇಳೂದು ಬಾಳ ಕಷ್ಟ. 1990ರ ಅಕ್ಟೋಬರದಾಗ ಉತ್ತರ ಪ್ರಾಂತ್ಯದ ಮುಸಲ್ಮಾನರನ್ನ ಎಲ್ಲಾರನ್ನೂ, ಎಪ್ಪತ್ತು ಸಾವಿರದ ಮ್ಯಾಲಿನ ಮಂದಿನ್ನ, ಕೈಗೆ ಸಿಕ್ಕಷ್ಟು ಹಿಡಕೊಂಡು ಹೋಗ್ರಿ ಅಂತ ಓಡಿಸಿದ್ರು. 1991ರ ಮೇ 21ಕ್ಕ ಶ್ರೀಪೆರಂಬದೂರಿನಾಗ ರಾಜೀವ್ ಗಾಂಧಿನ್ನ ಕೊಂದ್ರು. 1996ರ ಜನವರಿಯಾಗ ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ಸ್ಫೋಟಕ ತುಂಬಿದ ಲಾರಿ ನುಗ್ಗಿಸಿದ್ರು. ಮಕ್ಕಳ ಕೈಗೆ ಬಂದೂಕು ಕೊಟ್ರು. ಇದನ್ನೆಲ್ಲ ಮರ್ತು ಮಾತುಕತಿ ಮಾತುಕತಿ ಅಂತ ಹಾಡು ಹಾಡೂದು ಸತ್ತವರಿಗೆ ಮಾಡೂ ಅನ್ಯಾಯ ಅಂತ ನಾನು ನಂಬ್ತೀನಿ.

ಭಾರತ 1992ರ ಮೇ 14ಕ್ಕ ಯುಎಪಿಎ, ಅಂದ್ರ ಕಾನೂನುಬಾಹಿರ ಚಟುವಟಿಕೆ ತಡೆಯೂ ಕಾಯ್ದೆ ಕೆಳಗ ಎಲ್‌ಟಿಟಿಇ ಮ್ಯಾಲ ನಿಷೇಧ ಹಾಕ್ತು. ನಮ್ಮ ಮಾಜಿ ಪ್ರಧಾನಿನ್ನ ನಮ್ಮ ನೆಲದ ಮ್ಯಾಲ ಕೊಂದವರು ಅವರು, ಇನ್ನೇನು ಮಾಡಬೇಕಿತ್ತು. ಆದ್ರ ಆ ನಿಷೇಧದ ರಾಜತಾಂತ್ರಿಕ ಬೆಲೆ ಏನು ನೋಡ್ರಿ. ಶ್ರೀಲಂಕಾ ನಮ್ಮ ಮಗ್ಗಲ ಮನಿ, ನಡುವ ಒಂದು ಸಣ್ಣ ಸಮುದ್ರ, ಮುಂದ ಅಲ್ಲಿ ಸಂಧಾನ ಮಾಡಬೇಕು ಅಂದಾಗ ದಿಲ್ಲಿ ಆ ಜಾಗಾದಾಗ ಕುಂಡ್ರಾಕ ಆಗಲಿಲ್ಲ, ಕುಂತವರು ಯಾರಂದ್ರ ಉತ್ತರ ಧ್ರುವದ ಹತ್ರದ ನಾರ್ವೆದವರು. ಎರಿಕ್ ಸೊಲ್ಹೈಮ್ ಅಂತ ನಾರ್ವೆ ಸಂಧಾನಕಾರ, ಅವರು ದಿಲ್ಲಿಗೆ ಬಂದು ಹಿಂಗಿಂಗ ನಡೀತು ಅಂತ ವರದಿ ಹೇಳಿ ಹೋಗ್ತಿದ್ರು. ಮಗ್ಗಲ ಮನಿ ಜಗಳದ ಸುದ್ದಿ ನಾವು ನಾರ್ವೆ ಬಾಯಿಂದ ಕೇಳೂ ಪರಿಸ್ಥಿತಿ. ನಿಷೇಧ ಒಂದ ಅದಕ್ಕ ಕಾರಣ ಅಲ್ಲ, ಅದಕ್ಕೂ ಮೊದಲ ನಾವು ಅಲ್ಲಿಗೆ ಕಳಿಸಿದ್ದ ಶಾಂತಿಪಾಲನಾ ಪಡೆ ಎಲ್‌ಟಿಟಿಇ ಜೊತಿನ ಕಾದಾಡಿದ ಕಹಿನೂ ಇತ್ತು, ಆದ್ರ ಆ ಕೀಲಿ ಬಿದ್ದ ಮ್ಯಾಲ ನಮಗ ನಾವ ಬಾಗಿಲದ ಹೊರಗ ಉಳದ್ವಿ.

ಈಗ ಕೊಲಂಬೊ, ಅಂದ್ರ ಶ್ರೀಲಂಕಾ ಸರ್ಕಾರದ ಕಡಿಂದ ನೋಡೋಣ. 1990ರ ದಶಕದಾಗ ಶ್ರೀಲಂಕಾದ ವಿದೇಶಾಂಗ ಮಂತ್ರಿ ಲಕ್ಷ್ಮಣ್ ಕದಿರ್‌ಗಾಮರ್. ಸ್ವತಃ ತಮಿಳರು, ದೊಡ್ಡ ವಕೀಲರು. ಅವರು ಒಂದೊಂದ ದೇಶಕ್ಕ ಹೋಗಿ, ನಿಮ್ಮ ನೆಲದಾಗ ಇವರು ರೊಕ್ಕ ಎತ್ತಾಕತ್ತಾರ, ಆ ರೊಕ್ಕ ನಮ್ಮಲ್ಲಿ ಬಾಂಬ್ ಆಗಿ ಬರ್ತೈತಿ, ಇವರನ್ನ ನಿಷೇಧ ಮಾಡ್ರಿ ಅಂತ ಪಟ್ಟು ಹಿಡದು ಹೇಳಿದ್ರು. ಅದು ಸುಳ್ಳು ಮಾತಾಗಿರಲಿಲ್ಲ. 1997ರ ಅಕ್ಟೋಬರ್ 8ಕ್ಕ ಅಮೆರಿಕಾ ತನ್ನ ಮೊಟ್ಟಮೊದಲ ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿ ಹೊರಗ ಹಾಕ್ತು, 30 ಹೆಸರು, ಅದರಾಗ ಎಲ್‌ಟಿಟಿಇ ಇತ್ತು, ತುರ್ಕಿಯ ಕುರ್ದ್ ಗುಂಪು ಪಿಕೆಕೆ ಇತ್ತು, ಸ್ಪೇನಿನ ಬಾಸ್ಕ್ ಗುಂಪು ಎಟಾ ಇತ್ತು. ಹುಡುಗ್ರು ಇದನ್ನ ಬರಕೊಳ್ರಿ: ಆ ಪಟ್ಟಿಗೆ ಹೆಸರು ಹೋದ್ರ ಅಮೆರಿಕಾದಾಗಿನ ರೊಕ್ಕ ಫ್ರೀಜ್, ಸದಸ್ಯರಿಗೆ ವೀಸಾ ಇಲ್ಲ, ಗೊತ್ತಿದ್ದೂ ಅವರಿಗೆ ರೊಕ್ಕ, ತರಬೇತಿ, ಸಲಹೆಯಂಥ ಸಹಾಯ ಮಾಡಿದ್ರ ಅಪರಾಧ. ಬ್ರಿಟನ್ 2001ರಾಗ ನಿಷೇಧ ಮಾಡ್ತು. ಕೊಲಂಬೊ ಪಾಲಿಗೆ ಒಂದೊಂದೂ ದೊಡ್ಡ ಗೆಲುವು.

ಆಮ್ಯಾಲ ಕಾಲ ತಿರುಗಿತು. 2002ರ ಫೆಬ್ರವರಿ 22ಕ್ಕ ಕದನ ವಿರಾಮ, ಪ್ರಧಾನಿ ರನಿಲ್ ವಿಕ್ರಮಸಿಂಘೆ ಮತ್ತ ಎಲ್‌ಟಿಟಿಇ ನಾಯಕ ಪ್ರಭಾಕರನ್ ಸಹಿ. ಮಾತುಕತಿಗೆ ಕುಂಡ್ರಬೇಕಂದ್ರ ಮೊದಲ ನಿಷೇಧ ತಗೀರಿ ಅಂದ್ರು ಎಲ್‌ಟಿಟಿಇದವರು, ಕೊಲಂಬೊ 1998ರಾಗ ಹಾಕಿದ್ದ ತನ್ನ ನಿಷೇಧಾನ 2002ರ ಸೆಪ್ಟೆಂಬರದಾಗ ತಗೀತು, ತಗದು ಎರಡು ವಾರದಾಗ ಥಾಯ್ಲೆಂಡಿನ ಸತ್ತಹಿಪ್‌ನ್ಯಾಗ ಮೊದಲ ಸುತ್ತು ಶುರುವಾತು. ಡಿಸೆಂಬರಿಗೆ ಓಸ್ಲೋದಾಗ ಕುಂತಾಗ, ಒಂದ ದೇಶದೊಳಗ ಫೆಡರಲ್ ವ್ಯವಸ್ಥೆ ಆಗ್ತೈತೇನು ನೋಡೋಣ ಅನ್ನೂ ಮಟ್ಟಕ್ಕ ಎರಡೂ ಕಡಿಯವರು ಬಂದ್ರು. ಬ್ಯಾರೆ ನಾಡು ಬಿಟ್ರ ಇನ್ನೊಂದು ಮಾತಿಲ್ಲ ಅಂತ ಇಪ್ಪತ್ತು ವರ್ಷ ಕಾದಿದವರು ಇಷ್ಟು ಹತ್ರ ಬಂದದ್ದು ಸಣ್ಣ ಮಾತಲ್ರಿ, ನನಗ ಆ ಡಿಸೆಂಬರಿನ ಸುದ್ದಿ ಪೇಪರ್ ಇನ್ನೂ ನೆನಪೈತಿ, ಬೆಳಗಾವಿ ಬಸ್‌ಸ್ಟ್ಯಾಂಡಿನಾಗ ನಿಂತು ಎರಡೆರಡು ಸಲ ಓದಿದ್ದೆ.

ಮುಂದ ಬಂತು 2003ರ ಏಪ್ರಿಲ್. ಜೂನಿನಾಗ ಟೋಕಿಯೋದಾಗ ದೊಡ್ಡ ದಾನಿಗಳ ಸಮ್ಮೇಳನ, ಯುದ್ಧದಿಂದ ಹಾಳಾದ ಉತ್ತರ ಪೂರ್ವ ಕಟ್ಟಾಕ ರೊಕ್ಕ ಕೂಡಿಸೂದು. ಅದಕ್ಕ ತಯಾರಿ ಸಭೆ ಎಲ್ಲಿ ಇಟ್ರಪಾ ಅಂದ್ರ ವಾಷಿಂಗ್ಟನ್‌ದಾಗ, ಏಪ್ರಿಲ್ 14ಕ್ಕ. ಎಲ್‌ಟಿಟಿಇ ಅಮೆರಿಕಾದ ಪಟ್ಟಿಯಾಗ ಐತಿ, ಅದಕ್ಕ ಅವರನ್ನ ಕರ್ಯಾಕ ಬರೂದಿಲ್ಲ, ವೀಸಾನ ಇಲ್ಲ. ತಮ್ಮ ಊರು ಕಟ್ಟೂ ಸಭೆಗೆ ತಾವಿಲ್ಲ. ಒಂದು ವಾರ ಆತು, ಏಪ್ರಿಲ್ 21ಕ್ಕ ಅವರ ಕಡಿ ಮುಖ್ಯ ಸಂಧಾನಕಾರ ಆಂಟನ್ ಬಾಲಸಿಂಗಂ ಪ್ರಧಾನಿಗೆ ಪತ್ರ ಬರದ್ರು, ಮಾತುಕತಿಯಿಂದ ನಾವು ಸದ್ಯಕ್ಕ ಹಿಂದ ಸರೀತೀವಿ ಅಂತ. ಟೋಕಿಯೋಕ್ಕೂ ಅವರು ಹೋಗಲಿಲ್ಲ. ಅಲ್ಲಿ ದೇಶಗೋಳೆಲ್ಲ ಸೇರಿ ನಾಲ್ಕೂವರಿ ಬಿಲಿಯನ್ ಡಾಲರ್ ಕೊಡ್ತೀವಿ ಅಂದ್ರು, ಆದ್ರ ಯಾರ ಜೊತಿ ಶಾಂತಿ ಆಗಬೇಕಿತ್ತೋ ಅವರ ಖುರ್ಚಿ ಖಾಲಿ.

ವಾಷಿಂಗ್ಟನ್ ಸಭೆ ಒಂದ ಕಾರಣ ಅಂತ ನಾನು ಹೇಳೂದಿಲ್ಲ. ಎಲ್‌ಟಿಟಿಇಗೆ ಬ್ಯಾರೆ ಲೆಕ್ಕಾಚಾರ ಇದ್ವು, ಮಧ್ಯಂತರ ಆಡಳಿತ ತಮ್ಮ ಕೈಗೆ ಬೇಕಂತ ಇತ್ತು, ಬಹುಶಃ ಅವರು ನೆಪ ಹುಡಕಾಕತ್ತಿದ್ರು. ನೆಪಾನ ಆಗಿದ್ರೂ, ಆ ನೆಪ ತಯಾರ ಮಾಡಿ ಅವರ ಕೈಯಾಗ ಕೊಟ್ಟದ್ದು ಆ ಪಟ್ಟಿ. ಇಲ್ಲಿ ಕೊಲಂಬೊ ಸಿಕ್ಕಿಕೊಂಡ ಬಗೆ ನೋಡ್ರಿ. ಊರೂರು ತಿರುಗಿ ಎಲ್ಲಾರ ಬಾಗಿಲಿಗೂ ಕೀಲಿ ಹಾಕಿಸಿ ಬಂದಿದ್ರು, ಈಗ ತಮ್ಮ ಬಾಗಿಲ ತಾವು ತಗದ್ರು, ಆದ್ರ ಬ್ಯಾರೆಯವರ ಬಾಗಿಲದ ಕೀಲಿಕೈ ಅವರವರ ಹತ್ರನ ಉಳೀತು. ವಾಷಿಂಗ್ಟನ್ನಿಗೆ ತನ್ನ ಕಾನೂನು, ತನ್ನ ಕಾಂಗ್ರೆಸ್, ತನ್ನ ರಾಜಕಾರಣ. ಕೊಲಂಬೊದ ಶಾಂತಿಗೆ ಬೇಕಾತು ಅಂತ ಅವರು ಒಂದು ಸಭೆಗಾದ್ರೂ ಬಾಗಿಲ ತಗೀಲಿಲ್ಲ.

2006ರಾಗ ಇನ್ನೂ ಕೆಟ್ಟದ್ದಾತು. ಕದನ ವಿರಾಮ ಕಾಯಾಕ ಅಂತ ನಾರ್ಡಿಕ್ ದೇಶಗಳ ಒಂದು ವೀಕ್ಷಕರ ತಂಡ ಅಲ್ಲಿತ್ತು, ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲ್ಯಾಂಡ್ ಐದೂ ದೇಶದವರು, ಎಲ್ಲಾ ಸೇರಿ ಅರವತ್ತರ ಆಸುಪಾಸು ಮಂದಿ. ಕೈಯಾಗ ಆಯುಧ ಇಲ್ಲ, ಬಿಳಿ ಜೀಪು, ಒಂದು ನೋಟ್‌ಬುಕ್, ಅಷ್ಟ. ಎಲ್ಲಿ ಹೆಣ ಬಿತ್ತು, ಯಾರು ಗುಂಡು ಹಾರ್ಸಿದ್ರು ಅಂತ ಹೋಗಿ ನೋಡಿ ಬರಕೊಳ್ಳೂ ಕೆಲಸ. ಆ ವರ್ಷ ಏಪ್ರಿಲ್‌ದಾಗ ಎಲ್‌ಟಿಟಿಇದ ಆತ್ಮಾಹುತಿ ಬಾಂಬರ್ ಕೊಲಂಬೊದಾಗ ಸೇನಾ ಮುಖ್ಯಸ್ಥರ ಮ್ಯಾಲ ದಾಳಿ ಮಾಡಿದ್ಲು, ಅದ ತಿಂಗಳ ಕೆನಡಾ ನಿಷೇಧ ಹಾಕ್ತು, ಮೇ 29ಕ್ಕ ಐರೋಪ್ಯ ಒಕ್ಕೂಟನೂ ಪಟ್ಟಿಗೆ ಸೇರಿಸ್ತು. ಆವಾಗ ಎಲ್‌ಟಿಟಿಇ ಏನಂತು? ನಮ್ಮನ್ನ ಭಯೋತ್ಪಾದಕರು ಅಂದ ಒಕ್ಕೂಟದ ದೇಶದವರು ನಮಗೂ ಅವರಿಗೂ ನಡುವ ನ್ಯಾಯ ನೋಡಾಕ ಬರೂದಿಲ್ಲ, ಹೊರಗ ಹೋಗ್ರಿ ಅಂತು. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಮೂರೂ ಒಕ್ಕೂಟದಾಗಿನ ದೇಶ, ಅವರು ಹೋಗಬೇಕಾತು. ತಂಡದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಆ ಮೂರು ದೇಶದವರ. ಉಳಿದದ್ದು ನಾರ್ವೆ, ಐಸ್‌ಲ್ಯಾಂಡ್. ತಂಡದ ಮುಖ್ಯಸ್ಥರು ಉಲ್ಫ್ ಹೆನ್ರಿಕ್ಸನ್ ಅಂತ ಸ್ವೀಡಿಷ್ ಜನರಲ್, ಅವರು ಈ ನಿಷೇಧದ ಹೊತ್ತು ಸರಿಯಿಲ್ಲ ಅಂತ ಬಹಿರಂಗವಾಗೇ ಹೇಳಿದ್ರು. ನಾರ್ವೆದವರು ಮಾತ್ರ ಇದನ್ನ ಮೊದಲ ಅರ್ಥ ಮಾಡ್ಕೊಂಡಿದ್ರು, ಅದ ವರ್ಷ ಜನವರಿಯಾಗ ಅವರು ಐರೋಪ್ಯ ಒಕ್ಕೂಟದ ಪಟ್ಟಿ ಜೊತಿ ಇನ್ನು ಹೊಂದ್ಕೊಂಡು ಹೋಗೂದಿಲ್ಲ ಅಂತ ತೀರ್ಮಾನ ಮಾಡಿದ್ರು, ಸಂಧಾನ ಮಾಡೂವರು ನಾವು, ಪಟ್ಟಿ ಹಿಡಕೊಂಡು ಸಂಧಾನಕ್ಕ ಹೋಗಾಕ ಬರೂದಿಲ್ಲ ಅಂತ.

ಕಣ್ಣು ಕಮ್ಮಿ ಆದಾಗ ಏನಾಗ್ತೈತಿ? ಅದ 2006ರ ಆಗಸ್ಟ್ 4ಕ್ಕ ಶ್ರೀಲಂಕಾದ ಪೂರ್ವ ಭಾಗದ ಮುತ್ತೂರಿನಾಗ ಒಂದು ಫ್ರೆಂಚ್ ನೆರವು ಸಂಸ್ಥೆಯ 17 ಮಂದಿ ಕೆಲಸಗಾರರನ್ನ ಗುಂಡಿಕ್ಕಿ ಕೊಂದ್ರು. ಈ ವೀಕ್ಷಕರ ತಂಡ ಅದರ ಹೊಣಿ ಸರ್ಕಾರಿ ಪಡೆಗಳ ಮ್ಯಾಲ ಹೊರಿಸ್ತು, ಸರ್ಕಾರ ಅಲ್ಲಗಳೀತು. ಆ ಮಾತು ಹೇಳಾಕ ಆವಾಗ ಇನ್ನೂ ಯಾರರೆ ಇದ್ರು. 2008ರ ಜನವರಿಯಾಗ ಸರ್ಕಾರ ಕದನ ವಿರಾಮದಿಂದ ಹೊರಗ ಬಂತು, ತಂಡ ಪೂರ್ತಿ ಖಾಲಿ ಆತು. ಅದ ಸೆಪ್ಟೆಂಬರಿಗೆ ಉತ್ತರದಾಗ ಎಲ್‌ಟಿಟಿಇ ಹಿಡಿತದಾಗಿದ್ದ ವನ್ನಿ ಪ್ರದೇಶದಿಂದ ವಿಶ್ವಸಂಸ್ಥೆ ಸಿಬ್ಬಂದಿನೂ ಹೊರಗ ಬಂದ್ರು. 2009ರ ಮೇ ತಿಂಗಳು ಮುಳ್ಳಿವಾಯ್ಕಾಲ್ ಅನ್ನೂ ಕಡಲ ದಂಡಿ ಊರಿನಾಗ ಯುದ್ಧ, ಎಲ್‌ಟಿಟಿಇ ಎಲ್ಲಾ ಮುಗೀತು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಾಗ ಕೊಟ್ಟ ವರದಿಯಾಗ, ಕಡೀ ತಿಂಗಳುಗಳಾಗ ಸತ್ತ ನಾಗರಿಕರು 40,000 ತನಕ ಇರಬಹುದು ಅಂತ ಐತಿ. ಅವರನ್ನ ಗುರಾಣಿ ಹಂಗ ತಡದು ಇಟ್ಕೊಂಡಿದ್ದು ಎಲ್‌ಟಿಟಿಇ, ಶೆಲ್ ಹಾಕಿದ್ದು ಸೇನೆ. ಪಟ್ಟಿಯಿಂದ ಇಷ್ಟು ಮಂದಿ ಸತ್ರು ಅಂತ ಹೇಳಿದ್ರ ಅದು ತಪ್ಪು. ನಿಲ್ಲಿಸ್ರಿ ಅಂತ ಗಟ್ಟಿ ದನಿಲೆ ಹೇಳೂ ಸ್ಥಾನದಾಗ ಹೊರಗಿನವರು ಬಾಳ ಕಮ್ಮಿ ಉಳದಿದ್ರು, ಯಾಕಂದ್ರ ಇದು ಭಯೋತ್ಪಾದನೆ ವಿರುದ್ಧದ ಯುದ್ಧ ಅಂತ ಅವರ ತಮ್ಮ ಪಟ್ಟಿಯಾಗ ಬರದುಕೊಟ್ಟಿದ್ರು. ಅಷ್ಟು ಹೇಳ್ತೀನಿ, ಅದನ್ನ ಎದಿ ಮುಟ್ಟಿ ಹೇಳ್ತೀನಿ.

ಕದಿರ್‌ಗಾಮರ್ ಬಗ್ಗೆ ಒಂದು ಮಾತು ಉಳೀತು. 2005ರ ಆಗಸ್ಟ್ 12ಕ್ಕ ಕೊಲಂಬೊದ ಅವರ ಮನಿಯಾಗ ಈಜುಕೊಳದಿಂದ ಮ್ಯಾಲ ಬರೂವಾಗ ದೂರದಿಂದ ಗುಂಡು ಹೊಡದು ಕೊಂದ್ರು. ಅವರು ಕೇಳಿದ ನಿಷೇಧ ತಪ್ಪು ಅಂತ ಅವರ ಸಮಾಧಿ ಮುಂದ ನಿಂತು ನಾನು ಹೇಳಾಕ ಆಗೂದಿಲ್ಲ. ಕೀಲಿಕೈ ನಮ್ಮ ಹತ್ರನೂ ಒಂದು ಇರಲಿ ಅಂತ ಆವಾಗ ಯಾರೂ ಯಾಕ ವಿಚಾರ ಮಾಡಲಿಲ್ಲ ಅನ್ನೂದ ನನ್ನ ಸಂಕಟ.

ಈಗ ನಮ್ಮ ದೇಶದ ಕತಿಗೆ ಬರ್ತೀನಿ, ಇದು ನಮ್ಮ ಕನ್ನಡದವರಿಗೆ ಗೊತ್ತಿರಬೇಕು. ನಾಗಾ ಮಂದಿಗೆ ಬ್ಯಾರೆ ನಾಡು ಬೇಕು ಅಂತ ಬಂದೂಕು ಹಿಡಿದ ನಾಗಾಲ್ಯಾಂಡಿನ ಎನ್‌ಎಸ್‌ಸಿಎನ್ ಗುಂಪನ್ನ ಭಾರತ 1990ರಾಗ ನಿಷೇಧ ಮಾಡಿತ್ತು. 1995ರಾಗ ಪ್ರಧಾನಿ ನರಸಿಂಹರಾವ್ ಪ್ಯಾರಿಸ್ಸಿನಾಗ ಆ ಗುಂಪಿನ ನಾಯಕರು ಐಸಾಕ್ ಸ್ವು, ಮುಯಿವಾ ಇಬ್ಬರನ್ನೂ ಕಂಡ್ರು. 1997ರ ಫೆಬ್ರವರಿಯಾಗ ನಮ್ಮ ದೇವೇಗೌಡ್ರು ಪ್ರಧಾನಿ ಆಗಿದ್ದಾಗ ಸ್ವಿಟ್ಜರ್ಲೆಂಡಿನ ಜೂರಿಕ್‌ದಾಗ ಅವರನ್ನ ಭೇಟಿ ಮಾಡಿದ್ರು. ವಿಚಾರ ಮಾಡ್ರಿ, ಹಾಸನ ಜಿಲ್ಲೆ ಹಳ್ಳಿಯಿಂದ ಬಂದ ಪ್ರಧಾನಿ, ತನ್ನ ಸರ್ಕಾರಾನ ನಿಷೇಧ ಮಾಡಿದ ಗುಂಪಿನ ಜೊತಿ, ಮೂರನೇ ದೇಶದಾಗ ಕುಂತು ಮಾತಾಡ್ತಾರ. ಆ ವರ್ಷ ಆಗಸ್ಟ್ 1ರಿಂದ ಕದನ ವಿರಾಮ ಜಾರಿಗೆ ಬಂತು, ಅಷ್ಟೊತ್ತಿಗೆ ಗುಜ್ರಾಲ್ ಪ್ರಧಾನಿ ಆಗಿದ್ರು. 2002ರ ನವೆಂಬರದಾಗ ನಿಷೇಧ ಮುಂದುವರಿಸದ ಬಿಟ್ರು, 2003ರ ಜನವರಿಯಾಗ ಆ ಇಬ್ಬರೂ ನಾಯಕರು ದಿಲ್ಲಿಗೆ ಬಂದ್ರು, ವಾಜಪೇಯಿ ಅವರನ್ನ ಕಂಡ್ರು. ಕಡೀ ಒಪ್ಪಂದ ಇನ್ನೂ ಆಗಿಲ್ಲ, ಅದು ಬ್ಯಾರೆ ದುಃಖ. ಆದ್ರ ಬಾಗಿಲಿಗೆ ಕೀಲಿ ಹಾಕಿದವರೂ ನಾವ, ಕೀಲಿಕೈ ಇದ್ದದ್ದೂ ನಮ್ಮ ಕಿಸೆದಾಗ, ಬೇಕಾದಾಗ ತಗದ್ವಿ, ಮೂವರು ನಾಲ್ವರು ಪ್ರಧಾನಿ ಬದಲಾದ್ರೂ ಆ ದಾರಿ ಮುಚ್ಚಲಿಲ್ಲ. ಆ ಹೆಸರನ್ನ ನಾವು ವಾಷಿಂಗ್ಟನ್ನಿಗೆ, ಐರೋಪ್ಯ ಒಕ್ಕೂಟದ ಬ್ರಸೆಲ್ಸಿಗೆ ಒಯ್ದು ಅಂಟಿಸಿ ಬಂದಿರಲಿಲ್ಲ.

ಉತ್ತರ ಐರ್ಲೆಂಡಿನ ಮಾತೂ ಹಂಗ. ಬ್ರಿಟನ್ ಬಿಟ್ಟು ಐರ್ಲೆಂಡಿಗೆ ಕೂಡಬೇಕು ಅಂತ ಬಂದೂಕು ಹಿಡಿದ ಗುಂಪು ಐಆರ್‌ಎ. ಬ್ರಿಟಿಷ್ ಸರ್ಕಾರ 1988ರಾಗ ಐಆರ್‌ಎ ಪರ ಪಕ್ಷ ಶಿನ್ ಫೇನ್‌ದವರ ದನಿ ಟಿವಿ ರೇಡಿಯೋದಾಗ ಬರಬಾರದು ಅಂತ ನಿರ್ಬಂಧ ಹಾಕಿತ್ತು. ಆ ಪಕ್ಷದ ನಾಯಕ ಜೆರ್ರಿ ಆಡಮ್ಸ್ ತುಟಿ ಅಲ್ಲಾಡಿಸೂದು ಪರದೆ ಮ್ಯಾಲ ಕಾಣ್ತಿತ್ತು, ದನಿ ಮಾತ್ರ ಬಾಡಿಗಿ ನಟಂದು. ಆರು ವರ್ಷ ಹಂಗ ನಡೀತು. 1994ರಾಗ ಕ್ಲಿಂಟನ್, ಲಂಡನ್ ಎಷ್ಟು ಸಿಟ್ಟಾದ್ರೂ ಕೇಳಲಿಲ್ಲ, ಆಡಮ್ಸ್‌ಗೆ ಅಮೆರಿಕಾ ವೀಸಾ ಕೊಟ್ರು. ಆ ಆಗಸ್ಟ್ 31ಕ್ಕ ಐಆರ್‌ಎ ಕದನ ವಿರಾಮ ಸಾರಿತು, ನಡುವ ಅದು ಮುರದು ಬಿದ್ದು ಮತ್ತ ಕೂಡಿ, 1998ರ ಏಪ್ರಿಲ್ 10ಕ್ಕ ಗುಡ್ ಫ್ರೈಡೇ ಶಾಂತಿ ಒಪ್ಪಂದ. 1997ರ ಅಮೆರಿಕಾ ಪಟ್ಟಿಯಾಗ ಆ ಐಆರ್‌ಎ ಹೆಸರ ಇರಲಿಲ್ಲ ಅನ್ನೂದು ಕಾಕತಾಳೀಯ ಅಲ್ಲ. ಅಮೆರಿಕಾದ ಸೆನೆಟರ್ ಆಗಿದ್ದ ಜಾರ್ಜ್ ಮಿಚೆಲ್ ಆ ಮಾತುಕತಿಯ ಅಧ್ಯಕ್ಷರಾಗಿದ್ರು, ಪಟ್ಟಿಯಾಗ ಹೆಸರು ಇದ್ದಿದ್ರ ಆ ದಾರಿ ಎಷ್ಟು ಇಕ್ಕಟ್ಟಾಗ್ತಿತ್ತು ನೀವ ಲೆಕ್ಕ ಹಾಕ್ರಿ.

ಯಾಕಂದ್ರ ಮಧ್ಯಸ್ತಿಕೆ ಮಾಡೂವರಿಗೆ ಕಾನೂನ ಹೆಂಗ ಅಡ್ಡ ಬರ್ತೈತಿ ಅನ್ನೂದಕ್ಕ 2010ರ ಅಮೆರಿಕಾ ಸುಪ್ರೀಂ ಕೋರ್ಟಿನ ತೀರ್ಪು ಐತಿ. ಕ್ಯಾಲಿಫೋರ್ನಿಯಾದ ಒಂದು ಮಾನವ ಹಕ್ಕು ಸಂಸ್ಥೆ ಕೇಳಿದ್ದು ಇಷ್ಟ: ಪಿಕೆಕೆದವರಿಗೆ ವಿಶ್ವಸಂಸ್ಥೆಗೆ ಅರ್ಜಿ ಹಾಕೂದು ಹೆಂಗ, ಅಂತಾರಾಷ್ಟ್ರೀಯ ಕಾನೂನಿನ ಮೂಲಕ ಶಾಂತಿಯಿಂದ ತಕರಾರು ಬಗೆಹರಿಸ್ಕೊಳ್ಳೂದು ಹೆಂಗ ಅಂತ ಕಲಿಸಬಹುದಾ? ಕೋರ್ಟು ಆರಕ್ಕ ಮೂರು ಮತದಲೆ ಹೇಳ್ತು, ಇಲ್ಲ, ಅದೂ ಭಯೋತ್ಪಾದಕ ಸಂಘಟನೆಗೆ ಸಹಾಯ ಮಾಡಿದಂಗ. ಬಂದೂಕು ಬಿಡು, ಅರ್ಜಿ ಬರಿ ಅಂತ ಕಲಿಸೂದೂ ಅಪರಾಧ. ಈ ತೀರ್ಪು ಓದಿದಾಗ ನನಗ ನಮ್ಮಪ್ಪ ನೆನಪಾದ್ರು.

ಪಿಕೆಕೆ ಮಾತು ಬಂತು, ಅದರಾಗ ಇನ್ನೊಂದು ಮುಖ ಕಾಣ್ತೈತಿ, ಹೆಸರು ಅನ್ನೂದು ಚೌಕಾಶಿ ಸರಕಾಗೂದು. 2022ರ ಮೇ ತಿಂಗಳು, ಉಕ್ರೇನ್ ಯುದ್ಧ ನೋಡಿ ಸ್ವೀಡನ್, ಫಿನ್ಲೆಂಡ್ ಎರಡೂ ಅಮೆರಿಕಾ, ಯುರೋಪಿನ ದೇಶಗಳ ಮಿಲಿಟರಿ ಕೂಟ ನೇಟೋಕ್ಕ ಅರ್ಜಿ ಹಾಕಿದ್ವು. ತುರ್ಕಿ ಅಡ್ಡ ನಿಂತಿತು, ನೀವು ಪಿಕೆಕೆದವರಿಗೆ ಜಾಗಾ ಕೊಟ್ಟೀರಿ ಅಂತ. ವಿಚಿತ್ರ ಅಂದ್ರ ಸ್ವೀಡನ್ 1984ರಷ್ಟು ಹಿಂದನ ಪಿಕೆಕೆನ್ನ ಭಯೋತ್ಪಾದಕರು ಅಂತ ಕರದಿತ್ತು. ಆದ್ರ ತುರ್ಕಿಗೆ ಬೇಕಾಗಿದ್ದು ಆ ಹೆಸರು ಸಿರಿಯಾದಾಗಿನ ಕುರ್ದ್ ಪಡೆ ವೈಪಿಜಿ ತನಕ ಎಳೀಬೇಕು ಅನ್ನೂದು, ಆ ವೈಪಿಜಿಗೆ ಐಸಿಸ್ ವಿರುದ್ಧ ಕಾದಾಕ ಆಯುಧ ಕೊಟ್ಟದ್ದು ನೇಟೋದ ದೊಡ್ಡಣ್ಣ ಅಮೆರಿಕಾನ. ಜೂನ್ 28ಕ್ಕ ಮ್ಯಾಡ್ರಿಡ್‌ದಾಗ ಮೂರೂ ದೇಶ ಸಹಿ ಹಾಕಿದ್ರೂ, ಫಿನ್ಲೆಂಡ್ ಒಳಗ ಹೋಗಿದ್ದು 2023ರ ಏಪ್ರಿಲ್‌ಗೆ, ಸ್ವೀಡನ್ 2024ರ ಮಾರ್ಚ್‌ಗೆ. ಎರಡು ದೇಶದ ರಕ್ಷಣೆ ಮೂರನೇ ದೇಶದ ಪಟ್ಟಿ ಮ್ಯಾಲ ನೇತಾಡ್ತು.

ನಮ್ಮ ಹತ್ರದ್ದೂ ಒಂದು ನೋಡ್ರಿ. 2025ರ ಏಪ್ರಿಲ್ 22ಕ್ಕ ಪಹಲ್ಗಾಮ್ ದಾಳಿ ಆತು, ಜುಲೈದಾಗ ಅಮೆರಿಕಾ ಆ ದಾಳಿಗೆ ಹೆಸರು ಬಂದ ಟಿಆರ್‌ಎಫ್ ಗುಂಪನ್ನ ತನ್ನ ಪಟ್ಟಿಗೆ ಹಾಕ್ತು, ದಿಲ್ಲಿ ಸ್ವಾಗತ ಮಾಡ್ತು. ಆಗಸ್ಟ್‌ದಾಗ ಪಾಕಿಸ್ತಾನದಿಂದ ಬ್ಯಾರೆ ಆಗಬೇಕು ಅನ್ನೂ ಬಲೂಚಿಸ್ತಾನದ ಬಿಎಲ್‌ಎ ಗುಂಪನ್ನೂ ಹಾಕ್ತು, ಇಸ್ಲಾಮಾಬಾದ್ ಸ್ವಾಗತ ಮಾಡ್ತು. ಎರಡೂ ಗುಂಪು ಮಾಡಿದ ಕೊಲಿ ಖರೇನ. ಆದ್ರ ಇಲ್ಲಿ ಹೆಸರು ಕೊಡೂವನ ಕೈಯಾಗ ಎಷ್ಟು ಬಲ ಕುಂತೈತಿ, ಒಂದು ಹೆಸರು ಈ ಕಡಿಗೆ ಒಂದು ಹೆಸರು ಆ ಕಡಿಗೆ ಕೊಟ್ಟು ಇಬ್ರನ್ನೂ ಹೆಂಗ ತನ್ನ ಕಡಿ ನೋಡೂಹಂಗ ಮಾಡಬಹುದು, ಅದನ್ನ ವಿದೇಶಾಂಗ ಸೇವೆಗೆ ಹೋಗೂ ಕನಸು ಇದ್ದವರು ಸರಿಯಾಗಿ ಓದ್ರಿ.

ಪಟ್ಟಿನೂ ಬೇಕಾಗಿಲ್ಲ, ಒಬ್ಬ ರಾಯಭಾರಿ ಬಾಯಿಂದ ಬಿದ್ದ ಒಂದು ಮಾತು ಸಾಕು. 1998ರ ಫೆಬ್ರವರಿಯಾಗ ಅಮೆರಿಕಾದ ರಾಯಭಾರಿ ರಾಬರ್ಟ್ ಗೆಲ್ಬಾರ್ಡ್ ಸರ್ಬಿಯಾದಿಂದ ಬಿಡುಗಡೆ ಬೇಕು ಅಂತ ಕಾದಾಡ್ತಿದ್ದ ಕೊಸೊವೊ ವಿಮೋಚನಾ ಸೇನೆನ್ನ ಭಯೋತ್ಪಾದಕ ಗುಂಪು ಅಂತ ಬಹಿರಂಗವಾಗಿ ಕರದ್ರು. ಕೆಲವ ದಿನದಾಗ ಸರ್ಬಿಯಾದ ಪಡೆಗೋಳು ಕೊಸೊವೊದ ಡ್ರೆನಿಟ್ಸಾ ಪ್ರದೇಶದಾಗ ನುಗ್ಗಿದ್ವು, ಪ್ರೆಕಾಜ್ ಹಳ್ಳಿಯಾಗ ಒಂದ ಮನಿತನದ ಹೆಣ್ಣು ಮಕ್ಕಳು ಸಣ್ಣ ಮಕ್ಕಳು ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಸತ್ರು. ಆ ಮಾತನ್ನ ಸರ್ಬಿಯಾದ ನಾಯಕ ಮಿಲೊಸೆವಿಚ್ ಪರ್ಮಿಷನ್ ಅಂತ ತಗೊಂಡ ಅಂತ ಬಾಳ ಮಂದಿ ವಾದ ಮಾಡ್ತಾರ. ಜೂನ್ ತಿಂಗಳಿಗೆ ಅಮೆರಿಕಾದ ಇನ್ನೊಬ್ಬ ದೂತ ರಿಚರ್ಡ್ ಹೋಲ್‌ಬ್ರೂಕ್ ಅದ ಗುಂಪಿನವರ ಜೊತಿ ಒಂದು ಮನಿಯಾಗ ಚಾಪಿ ಮ್ಯಾಲ ಕುಂತು ಮಾತಾಡ್ತಿದ್ರು. ನಾಲ್ಕ ತಿಂಗಳ ಅಂತರ.

2004ರ ಮಾರ್ಚ್ 11ಕ್ಕ ಮ್ಯಾಡ್ರಿಡ್ ರೈಲುಗಳಾಗ ಬಾಂಬ್ ಸಿಡದ ದಿನಾನ, ಸ್ಪೇನ್ ಸರ್ಕಾರದ ಮಾತು ನಂಬಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1530ನೇ ನಿರ್ಣಯದಾಗ ಇದು ಎಟಾದ ಕೆಲಸ ಅಂತ ಹೆಸರು ಹಿಡದ ಖಂಡನೆ ಮಾಡ್ತು. ಮಾಡಿದವರು ಎಟಾದವರು ಅಲ್ಲ, ಜಿಹಾದಿಗಳು ಅಂತ ಆಮ್ಯಾಲ ಗೊತ್ತಾತು. ಆ ನಿರ್ಣಯ ಇವತ್ತಿಗೂ ಅದ ಅಕ್ಷರದಾಗ ಐತಿ. ಜಗತ್ತಿನ ಅತಿ ದೊಡ್ಡ ಕಟ್ಟಿ ಮ್ಯಾಲ ಕುಂತವರೂ ಒಂದ ದಿನದಾಗ ಹೆಸರು ಇಡ್ತಾರ, ತಿದ್ದಾಕ ಮಾತ್ರ ಪುರಸತ್ತಿಲ್ಲ.

ನಾನು ಪಟ್ಟಿ ಬ್ಯಾಡ ಅನ್ನೂವನಲ್ಲ. ರೊಕ್ಕದ ಹರಿವು ಕಡೀಬೇಕು, ಕೊಲಿ ಮಾಡಿದವರನ್ನ ಹಿಡೀಬೇಕು. ನಾನು ಕೇಳೂದು ಎರಡ. ಹೆಸರು ಇಡೂವಾಗ ಅದನ್ನ ತಗ್ಯಾಕ ಏನ್ ಮಾಡಬೇಕು ಅಂತ ಅದ ಕಾಗದದಾಗ ಬರೀರಿ. ಮತ್ತ, ನಡುವ ಓಡಾಡೂವರಿಗೆ, ಪಾದ್ರಿಗೆ, ಡಾಕ್ಟರಿಗೆ, ನಾರ್ವೆದಂಥವರಿಗೆ, ಕಾನೂನಿನಾಗ ಒಂದು ಕಿರುಬಾಗಿಲ ಬಿಡ್ರಿ. ಇಷ್ಟ ನನ್ನ ಮಾತು.

(ಮುಂದ ಪ್ರಶ್ನೋತ್ತರ)

ಹಿಂದ ನಿಂತಿದ್ದ ಒಬ್ಬಾಕಿ ಹುಡುಗಿ ಕೇಳಿದ್ಲು, ಸರ್, ಆಯುಧ ಬಿಟ್ಟ ಮ್ಯಾಲ ಹೆಸರು ತಾನಾಗೇ ಹೋಗ್ತೈತೇನು ಅಂತ. ಇಲ್ಲವ್ವಾ ಅಂದೆ. ಪಿಕೆಕೆ 2025ರ ಮೇ 12ಕ್ಕ ಸಂಘಟನೆ ವಿಸರ್ಜನೆ ಮಾಡ್ತೀವಿ ಅಂತ ಹೇಳ್ತು, ಜುಲೈ 11ಕ್ಕ ಉತ್ತರ ಇರಾಕಿನ ಸುಲೈಮಾನಿಯಾ ಹತ್ರ 30 ಮಂದಿ, ಅರ್ಧ ಹೆಣ್ಣುಮಕ್ಕಳು, ಗುಡ್ಡದಿಂದ ಸಾಲಾಗಿ ಇಳದು ಬಂದು ತಮ್ಮ ಬಂದೂಕು ಒಂದು ದೊಡ್ಡ ಕೊಪ್ಪರಿಗಿಯಾಗ ಇಟ್ಟು ಬೆಂಕಿ ಹಚ್ಚಿದ್ರು. ಆ ಬೆಂಕಿ ಉರಿಯೂವಾಗ್ಲೂ ತುರ್ಕಿಯ ಅಂಕಾರಾ, ವಾಷಿಂಗ್ಟನ್, ಬ್ರಸೆಲ್ಸ್ ಮೂರೂ ಪಟ್ಟಿಯಾಗ ಅವರ ಹೆಸರು ಇತ್ತು. ಎಲ್‌ಟಿಟಿಇ ಅಂತೂ 2009ರಾಗ ನೆಲಸಮ ಆತು, ನಮ್ಮ ಸರ್ಕಾರ 2024ರಾಗ ಅದರ ನಿಷೇಧ ಮತ್ತ ಐದು ವರ್ಷ ಮುಂದುವರಿಸೈತಿ.

ಕಡೀಕ ಮುಂದಿನ ಸಾಲಿನಾಗಿದ್ದ ಆ ಹಿರಿಯರು ಎದ್ದ ನಿಂತ್ರು. ಖಾನಾಪುರ ಕಡಿಯವರು, 1987ರಾಗ ಶಾಂತಿಪಾಲನಾ ಪಡೆಯಾಗ ಜಾಫ್ನಾದಾಗ ಇದ್ದವರು. ಅಲ್ಲಿ ನಮ್ಮ ಸೈನಿಕರು ಹೆಚ್ಚುಕಮ್ಮಿ 1,200 ಮಂದಿ ಸತ್ತಾರ. ಮೈಕ್ ಕೈಯಾಗ ತಗೊಳ್ಳಲಿಲ್ಲ. ನೀವು ಹೇಳಿದ್ದು ಎಲ್ಲಾ ಕೇಳಿದೆ, ಅವರಿಗೆ ಆ ಹೆಸರು ಕಮ್ಮಿನ ಆತು ಅಂತ ನಾನು ಇವತ್ತಿಗೂ ಅಂತೀನಿ ಅಂದ್ರು. ಸಭೆ ಸುಮ್ಮನಾತು. ಆಮ್ಯಾಲ ಹೇಳಿದ್ರು, ಅಕ್ಟೋಬರ್ ತಿಂಗಳು, ತಮ್ಮ ಜೊತಿ ಟ್ರೇನಿಂಗ್ ಮುಗಿಸಿದ್ದ ಗೆಳೆಯ ಒಂದು ತಾಳಿಗಿಡದ ಬೇಲಿ ಆಚೆ ಬಿದ್ದಿದ್ದ, ಸತ್ತಾನ ಅಂತ ಗೊತ್ತಿತ್ತು, ಎರಡು ದಿನ ಹೆಣ ತರಾಕ ಆಗಲಿಲ್ಲ, ತಲಿ ಎತ್ತಿದ್ರ ಗುಂಡು. ಮೂರನೇ ದಿನ ಮುಂಜಾನೆ ಅಲ್ಲಿಯ ಒಬ್ರು ಪಾದ್ರಿ, ವಯಸ್ಸಾದವರು, ಸೈಕಲ್ ಹ್ಯಾಂಡಲ್ಲಿಗೆ ಬಿಳಿ ಅರಬಿ ಕಟ್ಕೊಂಡು ಇವರ ಕಡಿ ಬಂದ್ರು, ಆಫೀಸರ್ ಜೊತಿ ಮಾತಾಡಿದ್ರು, ತಿರುಗಿ ಆ ಕಡಿ ಹೋದ್ರು, ಮಧ್ಯಾಹ್ನ ಎತ್ತಿನ ಗಾಡಿ ಮ್ಯಾಲ ಹೆಣ ಹಾಕ್ಕೊಂಡು ಸೈಕಲ್ ತಳ್ಳಕೊಂತ ಮುಂದ ಮುಂದ ನಡಕೊಂತ ಬಂದ್ರು. ನಾವು ಒಂದು ಮಗ್ಗಾದಾಗ ಚಾ ಕೊಟ್ವಿ, ಅರ್ಧ ಕುಡದು ಇಟ್ರು, ಮತ್ತ ಆ ಕಡಿ ಹೋಗಬೇಕು ಅಂದ್ರು.

ಅವರ ಹೆಸರು ಏನ್ರಿ ಅಂತ ಕೇಳಿದೆ ನಾನು.

ಅವತ್ತು ಕೇಳಬೇಕಂತ ಹೊಳೀಲಿಲ್ರಿ, ಅಂದ್ರು.